ಜಾಳಿಗೆಗೆ ಉಡಿ ತುಂಬಿದ ದಿನ

ಮೊನ್ನೆ ತಲೆದಿಂಬು ತುಂಬಿಸಲೆಂದು ಹೊಸ ಅರಳೆಯ ಗಂಟು ಬಿಚ್ಚಿದೆ. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿದ್ದೆ, ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ಅವ್ವನ ದಾರಿ ಕಾಯುತ್ತ. ಅರವತ್ತರ ದಶಕದ ಹುಬ್ಬಳ್ಳಿಯನ್ನು ಕಂಡವರಿಗೆ ಹೇಳಬೇಕಿಲ್ಲ, ಹತ್ತಿಯ ಹಂಗಾಮಿನಲ್ಲಿ ಊರಿಗೆ ಊರೇ ಆ ವಾಸನೆ ಹಿಡಿಯುತ್ತಿತ್ತು. ಶಿರಗುಪ್ಪಿ ಕಡೆಯ ಚಕ್ಕಡಿಗಳು ಸಾಲಾಗಿ ಬಂದು ಜಿನ್ನಿನ ಮುಂದೆ ನಿಲ್ಲುತ್ತಿದ್ದವು. ಜಿನ್ನು ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆ. ಅಲ್ಲಿ ಯಂತ್ರಕ್ಕೆ ಹತ್ತಿ ಉಣಿಸುವವರೆಲ್ಲ ಹೆಂಗಸರು, ಅದರಲ್ಲೂ ನಮ್ಮ ಓಣಿಯವರೇ ಹೆಚ್ಚು. ಪಾಳಿ ಮುಗಿದ ಭೋಂಗಾ ಊದಿದ ಮೇಲೆ ಅವ್ವ ತಲೆ, ಹುಬ್ಬು, ರೆಪ್ಪೆಯನ್ನೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದಳು. ಮುದುಕಿ ಬಂದಳು ಎಂದು ನಾವು ಮಕ್ಕಳು ಕಾಡಿಸುತ್ತಿದ್ದೆವು.

ಗಂಗವ್ವನ ಕೈ ಹೋದ ಮೇಲೆ ಆ ಕಾಡಿಸಾಟ ನಿಂತಿತು. ಗಂಗವ್ವ ಪಕ್ಕದ ಮನೆಯಾಕೆ. ನಾವು ಚಿಗವ್ವ ಎನ್ನುತ್ತಿದ್ದೆವು, ಸ್ವಂತ ಚಿಗವ್ವನಿಗಿಂತ ಹೆಚ್ಚು ಬೈಯುತ್ತಿದ್ದಳು, ಹೆಚ್ಚು ತಿನ್ನಿಸುತ್ತಿದ್ದಳು. ಜಿನ್ನಿನ ಗೋಡೆಗುಂಟ ದೊಡ್ಡದೊಂದು ಕಬ್ಬಿಣದ ದಂಡ ತಿರುಗುತ್ತಿತ್ತು, ಅದರಿಂದ ಪ್ರತಿ ಯಂತ್ರಕ್ಕೂ ಒಂದೊಂದು ತೊಗಲಿನ ಪಟ್ಟಾ ಹಾದು ಬರುತ್ತಿತ್ತು. ಹಂಗಾಮಿನ ಕೊನೆಗೆ ಒಂದು ದಿನ ಅವಳ ಸೆರಗು ಆ ಪಟ್ಟಾಕ್ಕೆ ಸಿಕ್ಕಿತು. ಬಿಡಿಸಲು ಹೋದ ಬಲಗೈ ಮೊಣಕೈವರೆಗೂ ಹೋಯಿತು. ಜೀವ ಉಳಿದದ್ದೇ ದೊಡ್ಡದು ಎಂದರು ಎಲ್ಲರೂ. ನನಗೆ ಇವತ್ತಿಗೂ ಸಿಟ್ಟು ಬರುವುದು ಯಾಕೆಂದರೆ, ಆ ಪಟ್ಟಾ ಮುಚ್ಚಲು ತಂತಿಯ ಜಾಳಿಗೆಗಳು ಜಿನ್ನಿನಲ್ಲೇ ಇದ್ದವು. ಸರಕಾರದ ಇನ್‌ಸ್ಪೆಕ್ಟರು ಬರುವ ದಿನ ಗೋದಾಮಿನಿಂದ ಹೊರಬಂದು ಮದುಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು. ಅವರ ಜೀಪು ತಿರುಗಿದ ಕೂಡಲೇ ಮತ್ತೆ ಒಳಗೆ. ಪಟ್ಟಾ ಜಾರಿದರೆ ಏರಿಸಲು ತಡವಾಗುತ್ತದೆ, ಕೆಲಸ ನಿಲ್ಲುತ್ತದೆ ಎಂಬುದು ಜಿನ್ನಿನ ಮಾಲೀಕ ಸಾವುಕಾರರ ಮಾತು. ಮನುಷ್ಯ ಕೆಟ್ಟವರಲ್ಲ, ಗಂಗವ್ವನನ್ನು ತಮ್ಮದೇ ಮೋಟಾರಿನಲ್ಲಿ ಆಸ್ಪತ್ರೆಗೆ ಒಯ್ದವರು. ಜಾಳಿಗೆ ಮಾತ್ರ ಹಾಕಿಸಲಿಲ್ಲ.

ಮುಂದಿನ ಹಂಗಾಮಿಗೆ ಗಂಗವ್ವನ ಜಾಗದಲ್ಲಿ ನಿಲ್ಲಬೇಕೆಂದು ಅವ್ವನಿಗೆ ಹೇಳಿಕಳಿಸಿದರು. ಅಪ್ಪನಿಗೆ ವರ್ಷದ ಅರ್ಧ ದಿನಗಳು ಕೆಲಸವಿರುತ್ತಿರಲಿಲ್ಲ, ಅವ್ವ ಒಲ್ಲೆ ಎನ್ನುವ ಹಾಗಿರಲಿಲ್ಲ. ಅವಳು ರೊಟ್ಟಿ ಬಡಿಯುವಾಗ ನಾನು ಆ ಕೈಗಳನ್ನೇ ನೋಡುತ್ತ ಕೂತು, ಲಗೂ ಉಣ್ಣು ಎಂದು ಬೈಸಿಕೊಳ್ಳುತ್ತಿದ್ದೆ. ಹೆದರಿಕೆ ಎಂದರೆ ಏನೆಂದು ನಾನು ಕಲಿತದ್ದು ಆ ಒಲೆಯ ಮುಂದೆ. ಅಲ್ಲಿಗೇ ಒಂದು ಮಧ್ಯಾಹ್ನ ಗಂಗವ್ವ ಬಂದು ಅವ್ವನ ಪಕ್ಕ ಕೂತಳು.

"ಅಕ್ಕಾ, ಸಾವ್ಕಾರ್ರಿಗೆ ಹೇಳಿ ಹೇಳಿ ನಮ್ಮ ಬಾಯಿ ಒಣಗೇತಿ. ಈ ಸಲ ಹೇಳೂದು ಬ್ಯಾಡ. ಜಾಳಗಿಗೆ ಉಡಿ ತುಂಬೂಣು" ಎಂದಳು.

ನಮ್ಮ ಕಡೆ ಉಡಿ ತುಂಬುವುದು ತವರಿಗೆ ಬಂದ ಮಗಳಿಗೆ, ಬಸುರಿಗೆ, ಗುಡಿಯ ದೇವಿಗೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಪ್ಪಸದ ಖಣ. ಉಡಿ ತುಂಬಿಸಿಕೊಂಡವಳನ್ನು ಮನೆಯಿಂದ ಹೊರಗೆ ಹಾಕುವ ಧೈರ್ಯ ಯಾರಿಗಿದೆ? ಅವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನಗಲು ಸುರು ಮಾಡಿದಳು. ಬಹಳ ದಿನಗಳ ಮೇಲೆ ಆ ನಗು ಕೇಳಿದೆ.

ಹಂಗಾಮು ಸುರುವಾಗುವ ದಿನ ಜಿನ್ನಿನಲ್ಲಿ ಪೂಜೆ. ಅವತ್ತು ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಸಾವುಕಾರರು ಬರುವ ಮೊದಲೇ ಮಿಸ್ತ್ರಿ ಖಾದರಸಾಬ ಕಾಕಾ ಜಾಳಿಗೆಗಳನ್ನು ತಂದು ಬೋಲ್ಟು ಬಿಗಿದಿದ್ದರು, ಹೆಂಗಸರು ಅವಕ್ಕೆ ಅರಿಷಿಣ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದ್ದರು. ಸಾವುಕಾರರು ಹುಬ್ಬು ಗಂಟು ಹಾಕಿದರೂ ಪೂಜೆಯ ಹೊತ್ತಿಗೆ ಯಾಕೆಂದು ಸುಮ್ಮನಾದರು. ಕಾಯಿ ಒಡೆದಾದ ಮೇಲೆ ಗಂಗವ್ವ ಉಡಿಯ ತಾಟು ಎಡಗೈಯಲ್ಲಿ ಹಿಡಿದು ಸಾವುಕಾರರ ಹೆಂಡತಿಯ ಮುಂದೆ ಹೋಗಿ ನಿಂತಳು. ನಮ್ಮವ್ವ ನನ್ನ ಹೆಗಲು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ನೋವಾಗುತ್ತಿತ್ತು.

"ಅಕ್ಕಾರ, ಎಡಗೈಲೆ ಉಡಿ ತುಂಬಬಾರದ್ರಿ. ನನಗ ಉಳದದ್ದು ಇದೊಂದ ಕೈ. ನೀವ ತುಂಬ್ರಿ."

ಆಕೆ ಅಪಘಾತದ ಸುದ್ದಿ ಕೇಳಿದ್ದರೇ ಹೊರತು ಆ ಮೊಂಡುಗೈ ನೋಡಿರಲಿಲ್ಲ. ನೋಡಿದರು. ಕಣ್ಣು ತುಂಬಿಕೊಂಡೇ ತಾಟು ಇಸಕೊಂಡು, ಅಕ್ಕಿ ಕೊಬ್ಬರಿಯನ್ನು ಖಣದಲ್ಲಿ ಗಂಟು ಕಟ್ಟಿ, ಅವ್ವ ನಿಲ್ಲಬೇಕಿದ್ದ ಯಂತ್ರದ ಜಾಳಿಗೆಗೆ ತಾವೇ ಬಿಗಿದರು. ಉಳಿದವಕ್ಕೆ ಉಳಿದ ಹೆಂಗಸರು ಕಟ್ಟಿದರು. ಕರ್ಪೂರ ಹಚ್ಚಿದಾಗ ಸಾವುಕಾರರೂ ಕೈಮುಗಿದರು, ಪಾಪ, ಇನ್ನೇನು ಮಾಡಿಯಾರು.

ಕೆಲವು ದಿನಕ್ಕೆ ಒಂದು ಪಟ್ಟಾ ಜಾರಿತು. ಜಾಳಿಗೆಗಳನ್ನೆಲ್ಲ ಬಿಚ್ಚಿ ಗೋದಾಮಿಗೆ ಹಾಕು ಎಂದು ಸಾವುಕಾರರು ಗುಡುಗಿದರು. ಖಾದರಸಾಬ ಕಾಕಾ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ಬಿಗಿ ಅಂದ್ರ ಬಿಗೀತೇನ್ರಿ. ಅಕ್ಕಾರು ಉಡಿ ತುಂಬಿದ್ದು ಕಿತ್ತು ಒಗಿಯೂದು ನನ್ನ ಕೈಲೆ ಆಗಂಗಿಲ್ಲ. ಅವರನ್ನ ಕರಸ್ರಿ, ಅವರ ಬಿಚ್ಚಲಿ" ಎಂದರಂತೆ. ಹೆಂಡತಿಯನ್ನು ಕರೆಸುವ ಧೈರ್ಯ ಸಾವುಕಾರರು ಮಾಡಲಿಲ್ಲ. ಬದಲಿಗೆ ಪಟ್ಟಾ ಏರಿಸಲು, ಎಣ್ಣೆ ಬಿಡಲು ಜಾಳಿಗೆಗೆ ಸಣ್ಣ ಬಾಗಿಲು ಮಾಡಿಸಿದರು. ಅವತ್ತು ಹೆಂಗಸರು ಓಣಿಗೆ ಬಂದ ರೀತಿ ನೋಡಬೇಕಿತ್ತು! ಯುದ್ಧ ಗೆದ್ದು ಬಂದವರೂ ಅಷ್ಟು ಸೊಕ್ಕಿನಿಂದ ನಡೆದಿರಲಿಕ್ಕಿಲ್ಲ. ಆ ಹಂಗಾಮಿನಲ್ಲೇ ಒಮ್ಮೆ ಅವ್ವನ ಸೆರಗು ಹಾರಿ ಜಾಳಿಗೆಗೆ ಬಡಿದು ಹಾಗೇ ಕೆಳಗೆ ಜಾರಿತಂತೆ. ಮನೆಗೆ ಬಂದವಳು ನಮಗೆ ಹೇಳುವ ಮೊದಲು ಗಂಗವ್ವನ ಮನೆಗೆ ಹೋದಳು. ಇಬ್ಬರೂ ಅತ್ತದ್ದು ಗೋಡೆಯಾಚೆ ಕೇಳಿಸಿತು.

ಈಗ ಆ ಜಿನ್ನಿಲ್ಲ, ಆ ಓಣಿಯ ಗುರುತೂ ಸಿಗುವುದಿಲ್ಲ. ಖಾದರಸಾಬ ಕಾಕಾ ಹೋದರು, ಗಂಗವ್ವ ಹೋದಳು. ಅವ್ವ ಹೋದದ್ದು ಹಣ್ಣುಹಣ್ಣು ಮುದುಕಿಯಾಗಿ, ಅಪ್ಪ ಇರುವಾಗಲೇ. ಮುತ್ತೈದೆ ಎಂದು ಬಳೆಗಾರನನ್ನು ಕರೆಸಿದೆವು. ಅವಳ ತಣ್ಣನೆಯ ಎರಡೂ ಕೈ ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಆತ ಹಸಿರು ಬಳೆ ಏರಿಸಿದ, ಮೊದಲು ಬಲಗೈಗೆ, ಆಮೇಲೆ ಎಡಗೈಗೆ.