ಮಡಿಕೇರಿಯಿಂದ ಅತ್ತೆ ಬರಲಿಲ್ಲ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯಿಂದ ಹರಿಹರದ ಶಾಲೆಯೊಂದಕ್ಕೆ ಟೀಚರಾಗಿ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದೇ ಬಸ್ಸಿನಲ್ಲಿ ಅವನೂ ಬರುತ್ತಿದ್ದ, ಅಲ್ಲಿನ ಕಾರ್ಖಾನೆಯೊಂದರ ಕೆಲಸಕ್ಕೆ. ಮಾತು ಬೆಳೆದು ಪ್ರೀತಿಯಾಗಿ, ಮನೆಯವರಿಗೆ ಹೇಳುವುದೊಂದೇ ಬಾಕಿಯಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, “ಮಾವನ ಮಗಳ ಜೊತಿ ಗೊತ್ತು ಮಾಡ್ಯಾರ. ನಂದೇನೂ ನಡೀಲಿಲ್ಲ” ಎಂದ. ಇಬ್ಬರೂ ಅದೇ ಬಸ್ಸು ಹತ್ತಿದೆವು. ಊರು ಸೇರಲು ಬೇರೆ ದಾರಿ ಎಲ್ಲಿತ್ತು?

ಮದುವೆಯಾದ ಮೇಲೂ ಅವನು ಅದೇ ಹೊತ್ತಿಗೆ ಬರುತ್ತಿದ್ದ. ನಾನು ಬಸ್ಸು ಬದಲಿಸಿದೆ. ಅವನೂ ನನ್ನ ಕಣ್ಣು ತಪ್ಪಿಸಲೆಂದೇ ಬದಲಿಸಿದನೇನೋ, ಆ ಬಸ್ಸಿನಲ್ಲೂ ಎದುರಾದ. ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು ಎನಿಸುತ್ತಿತ್ತು. ಒಗೆದಿಟ್ಟ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ.

ಇದನ್ನು ಗಮನಿಸಿದವಳು ನಮ್ಮ ಸೋದರತ್ತೆ. ಅವಳನ್ನು ಮಲೆಬೆನ್ನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ, ಅಂದರೆ ನಮ್ಮಲ್ಲಿಗೆ ಬಂದವಳು, ಅಂದಿನಿಂದ ನಮ್ಮ ತುಂಬಿದ ಮನೆಯ ಒಲೆಯ ಮುಂದೆಯೇ ಇದ್ದಳು.

“ಯಾರು, ಏನು ಅಂತ ನಾ ಕೇಳಲ್ಲ,” ಒಂದು ದಿನ ರೊಟ್ಟಿ ತಟ್ಟುತ್ತಲೇ ಹೇಳಿದಳು. “ಹಿಂಗೇ ಇದ್ರೆ ನಿಂಗೆ ಹುಚ್ಚು ಹಿಡೀತೈತೆ. ಶಾಲಿ ರಜಾ ಬಿಡ್ಲಿ, ಎಲ್ಲಾರ ತಂಪಾದ ಊರಿಗೆ ಹೋಗಣ. ನಿಮ್ಮಪ್ಪಗೆ ನಾ ಹೇಳ್ತೀನಿ.”

ನಮ್ಮ ಹೆಡ್‌ಮಿಸ್ಸಿನ ಅಕ್ಕ ಮಡಿಕೇರಿಯಲ್ಲಿದ್ದರು. ಮಕ್ಕಳು ದೂರದಲ್ಲಿ ಓದುತ್ತಿದ್ದುದರಿಂದ ಅವರ ಮನೆಯ ಮಹಡಿ ಕೋಣೆ ಖಾಲಿಯಿತ್ತು. ಮೇ ತಿಂಗಳ ಉರಿಬಿಸಿಲಲ್ಲಿ ಹೊರಟು, ಹಾಸನದಲ್ಲಿ ಬಸ್ಸು ಬದಲಿಸಿ, ಅತ್ತೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಅಂತೂ ಬೆಟ್ಟದ ಮೇಲಿನ ಆ ಊರು ಸೇರಿದೆವು.

ಅಲ್ಲಿ ಎಲ್ಲವೂ ಚೆನ್ನಾಗಿತ್ತು. ಅದೇ ನನಗೆ ಕಷ್ಟವಾಯಿತು. ಮಂಜು ಬಂದರೆ ಉಸಿರು ಕಟ್ಟಿದಂತಾಗುತ್ತಿತ್ತು, ಬಿಸಿಲು ಬಂದರೆ ಇಷ್ಟು ಚಂದದ ಬೆಳಿಗ್ಗೆಯನ್ನು ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ರಾಜಾ ಸೀಟಿನಲ್ಲಿ ಜನ ಕಣಿವೆ ನೋಡುತ್ತಾ ಸುಮ್ಮನೆ ನಿಂತಿರುತ್ತಿದ್ದರು. ನಾನು ಹೋದಷ್ಟೇ ವೇಗದಲ್ಲಿ ವಾಪಸ್ ಬರುತ್ತಿದ್ದೆ. ಏರು, ಇಳಿಜಾರು, ಮತ್ತೆ ಏರು. ಕಾಲು ಸೋತರೂ ತಲೆ ಸೋಲಲಿಲ್ಲ.

ಅತ್ತೆಗೆ ಮಾತ್ರ ಬೇರೆಯೇ ಆಯಿತು. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಮನೆಯೊಡತಿ ಅಮ್ಮನವರಿಗೂ ಅವಳಿಗೂ ಗಳಸ್ಯಕಂಠಸ್ಯ. ಇವಳ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದು ಇವಳಿಗೆ ಅರ್ಧ. ಆದರೂ ಇಬ್ಬರೂ ನಗುತ್ತಿದ್ದರು.

ಒಂದು ಮಧ್ಯಾಹ್ನ ತಡೆಯಲಾರದೆ ಎಸ್‌ಟಿಡಿ ಬೂತಿಗೆ ಹೋಗಿ ಅವನ ಮನೆಗೆ ಫೋನ್ ಮಾಡಿದೆ. ಹೆಣ್ಣಿನ ಧ್ವನಿ. “ಯಾರ್ರಿ? ಅವರಿಲ್ರಿ, ಹರಿಹರಕ್ಕೆ ಹೋಗ್ಯಾರ. ಏನಾರ ಹೇಳ್ಬೇಕಿತ್ತೇನ್ರಿ?” ಎಷ್ಟು ಮೆತ್ತಗೆ ಕೇಳಿದಳು! ಅವಳು ಸಿಡುಕಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. “ಏನಿಲ್ರಿ” ಎಂದು ಇಟ್ಟೆ. ಕೋಣೆಗೆ ಬಂದವಳೇ ಬಟ್ಟೆ ತುಂಬತೊಡಗಿದೆ.

“ಅತ್ತಿ, ನಡಿ. ನಾಳೆ ಊರಿಗೆ ಹೋಗಣ. ನಂಗಿಲ್ಲಿ ಆಗವಲ್ದು.”

ಅತ್ತೆ ನನ್ನ ಮುಖವನ್ನೇ ನೋಡಿದಳು. “ನೀ ಹೋಗು.”

“ಅಂದ್ರ?”

“ನಾ ಬರಲ್ಲ. ಬೆಳಿಗ್ಗೆ ಎದ್ರೆ ಇಲ್ಲಿ ಯಾರೂ ನನ್ನ ಚಾ ಕೇಳಲ್ಲ. ಆ ಅಮ್ಮಾರೇ ಕಾಸಿ ಕೊಡ್ತಾರ. ಇನ್ನಾ ನಾಕು ದಿನ ಇರ್ತೀನಿ.”

ನಾನು ರೇಗಿದೆ, ಬೇಡಿಕೊಂಡೆ. ಅವಳು ಜಗ್ಗಲಿಲ್ಲ. ಮರುದಿನ ಒಬ್ಬಳೇ ಹೊರಟೆ.

ದಾವಣಗೆರೆಯಲ್ಲಿ ನಾನು ಹೇಗಿದ್ದೇನೆಂದು ಯಾರೂ ಕೇಳಲಿಲ್ಲ. “ಅತ್ತಿ ಎಲ್ಲಿ?” ಎಂದೇ ಎಲ್ಲರ ಪ್ರಶ್ನೆ. ಅನ್ನ ತಳ ಹಿಡಿದಿತ್ತು, ಅಮ್ಮ ಮತ್ತು ಚಿಕ್ಕಮ್ಮ ಮಾತು ಬಿಟ್ಟಿದ್ದರು. “ಬರಲ್ಲ ಅಂದ್ಲು” ಎಂದೆ. “ಬರಲ್ಲ ಅಂದ್ರ ಏನರ್ಥ?” ಅಪ್ಪ ಬಾಗಿಲಿನಲ್ಲೇ ನಿಂತುಬಿಟ್ಟರು. ಅವರ ಮುಖ ನೋಡಿ ನನಗೆ ನಗು ಉಕ್ಕಿತು. ತಿಂಗಳುಗಳ ಮೇಲೆ ಬಂದ ನಗು, ನಿಲ್ಲಿಸಲಾಗದೆ ಅಳುವಾಯಿತು. ಅಪ್ಪ ಗಾಬರಿಯಾಗಿ, ಅತ್ತೆಯನ್ನು ಕರೆತರಲು ನನ್ನನ್ನೇ ಮತ್ತೆ ಕಳಿಸಿದರು.

ಎರಡನೆಯ ಸಲದ ಹಾದಿ ಬೇರೆ ಎನಿಸಿತು. ಈಗ ನನಗೊಂದು ಕೆಲಸವಿತ್ತು. ಅತ್ತೆ ಮನೆಯೊಡತಿಯ ಸ್ವೆಟರ್ ತೊಟ್ಟು ಜಗಲಿಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದಳು.

“ಬಂದ್ಯಾ? ಕೂಡು. ಕೈಗೆ ಎಣ್ಣಿ ಹಚ್ಕಾ.”

ಕರೆತರಲು ಬಂದ ನಾನೂ ಶಾಲೆ ಶುರುವಾಗುವವರೆಗೆ ಉಳಿದೆ. ತಳಮಳ ಹೋಗಿಬಿಟ್ಟಿತೆಂದು ಹೇಳಲಾರೆ. ಆಗಲೂ ಮಾತಿನ ನಡುವೆ ಎದ್ದು ಹೋಗುತ್ತಿದ್ದೆ, ಅತ್ತೆ ಕರೆಯದೆ ಕಾಯುತ್ತಿದ್ದಳು. ಊಟ ಮಾತ್ರ ಸೇರತೊಡಗಿತು.

ಜೂನಿನಲ್ಲಿ ಹರಿಹರದ ಕೆಲಸ ಬಿಟ್ಟು, ಆ ಬಸ್ಸು ಹೋಗದ ಕೊಂಡಜ್ಜಿ ಕಡೆಯ ಶಾಲೆಯೊಂದಕ್ಕೆ ಸೇರಿದೆ. ಅವನ ನೆನಪು ಚುಚ್ಚದಂತಾಗಲು ಮತ್ತೊಂದು ವರ್ಷವೇ ಹಿಡಿಯಿತು. ಅತ್ತೆ ಮಾತ್ರ ಮಡಿಕೇರಿಯಿಂದ ವಾಪಸ್ ಬಂದ ದಿನವೇ ಅಪ್ಪನ ಮುಂದೆ ನಿಂತು, “ಇನ್ಮ್ಯಾಲೆ ಸಂಜಿ ಅಡಿಗಿ ನಂದಲ್ಲ” ಎಂದಳು. ಅಪ್ಪ ಏನೋ ಹೇಳಹೋದರು. ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ, “ಬಾರೇ, ಒಂದು ಸುತ್ತು ಹೋಗಿ ಬರಣ” ಎಂದು ನನ್ನನ್ನು ಕರೆದಳು.