ಮಗನ ಓದು ಬಚ್ಚಿಟ್ಟ ಗಾಡಿ ಶಿವಮಲ್ಲಪ್ಪ

ಕಪಿಲೆಗೆ ಇನ್ನೂ ಹೊಸ ನೀರು ಬಂದಿಲ್ಲ. ನಂಜನಗೂಡಿನ ಸೇತುವೆಯ ಕೆಳಗೆ, ಮೊಣಕಾಲುದ್ದದ ನೀರಿನಲ್ಲಿ ಎರಡು ಎತ್ತುಗಳು ನಿಂತಿವೆ. ಮೂಡಲು ಈಗಷ್ಟೇ ಕೆಂಪಾಗುತ್ತಿದೆ. ಹುಲ್ಲಿನ ಉಂಡೆಯಿಂದ ಎತ್ತುಗಳ ಬೆನ್ನು ಉಜ್ಜುತ್ತಿರುವ ಶಿವಮಲ್ಲಪ್ಪ ನಡುನಡುವೆ ಕೈ ನಿಲ್ಲಿಸಿ, ದಡದ ಮೇಲಿನ ಗಾಡಿಯತ್ತ ತಿರುಗಿ ನೋಡುತ್ತಾರೆ. ಗಾಲಿ ಕಳಚಿಕೊಳ್ಳದಂತೆ ಹಿಡಿದಿರುವ ಕಡಾಣಿ ಅದರ ಜಾಗದಲ್ಲೇ ಇದೆ. ಈಗ ತಾನೆ ಮುಟ್ಟಿ ನೋಡಿ ಬಂದಿದ್ದಾರೆ. ಆದರೂ ಸುಮ್ಮನಿರಲಾರರು. ನೀರಿನಿಂದ ಎದ್ದು ಹೋಗಿ ಇನ್ನೊಮ್ಮೆ ಮುಟ್ಟುತ್ತಾರೆ.

“ಇದ್ದೇ ಇರ್ತದೆ ಅಂತ ಕಣ್ಗೆ ಗೊತ್ತು ಸ್ವಾಮಿ. ಕೈಗೂ ಗೊತ್ತಾಗ್ಬೇಕಲ್ಲ,” ಎನ್ನುತ್ತಾರೆ, ದಡದಲ್ಲಿ ನಿಂತ ನನ್ನತ್ತ ನೋಡಿ.

ತಿರುಮಕೂಡಲು ನರಸೀಪುರದ ಗದ್ದೆಗಳ ಅಕ್ಕಿ ಮೈಸೂರಿಗೆ ರೈಲು ಹತ್ತಬೇಕಾದರೆ ಮೊದಲು ಇಂಥವರ ಗಾಡಿ ಹತ್ತಬೇಕು. ಅಲ್ಲಿ ಮೂಟೆ ಏರಿಸಿಕೊಂಡು, ಸುತ್ತೂರಿನ ಪಕ್ಕದ ತಮ್ಮ ಹಳ್ಳಿಯಲ್ಲಿ ಎತ್ತುಗಳಿಗೆ ಉಸಿರು ಕೊಟ್ಟು, ನಸುಕಿಗೆ ಇಲ್ಲಿಯ ರೈಲು ಸ್ಟೇಷನ್ನಿಗೆ ಮುಟ್ಟುತ್ತಾರೆ. ಹೋಗುವಾಗ ಉಪ್ಪು, ಸೀಮೆಎಣ್ಣೆ, ಜವಳಿ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ದೂಳು. ನಾವು ಉಣ್ಣುವ ಅನ್ನದ ಹಿಂದೆ ಈ ಗಾಲಿಗಳ ಸದ್ದು ಇದೆ ಎಂದು ಪೇಟೆಯಲ್ಲಿ ಯಾರೂ ನೆನೆಯುವುದಿಲ್ಲ. ನೆನೆಯಲಿ ಎಂದು ಶಿವಮಲ್ಲಪ್ಪನೂ ಕಾಯುತ್ತಿಲ್ಲ. ಅವರು ಕಾಯುತ್ತಿರುವುದೇ ಬೇರೆ.

ಎತ್ತುಗಳನ್ನು ನೊಗಕ್ಕೆ ತರುತ್ತಾರೆ. ಕೆಂದ ಎಡಗೋಲಿಗೆ, ಬಿಳಿಯ ಬಲಗೋಲಿಗೆ. ಅದಲುಬದಲು ಮಾಡಿದರೆ ಎರಡೂ ಹೆಜ್ಜೆ ಕೀಳುವುದಿಲ್ಲ. ಕೊಂಡು ತಂದ ಎತ್ತು ಯಾವ ಪಕ್ಕ ಎಳೆದು ಬೆಳೆದಿದೆಯೆಂದು ವಿಚಾರಿಸದೆ ಯಾವ ಗಾಡಿಕಾರನೂ ಹಗ್ಗ ಹಿಡಿಯುವುದಿಲ್ಲ.

“ನನ್ನ ಕಿರಿ ಮಗಂದೂ ಈಗ ಅದೇ ಪಾಡು,” ಎನ್ನುತ್ತಾರೆ. “ನಡೂ ದಾರೀಲಿ ಒಂದು ಗಾಡಿಯಿಂದ ಬಿಚ್ಚಿ ಇನ್ನೊಂದ್ಕೆ ಕಟ್ಟಬೇಕು. ಕಟ್ಟುಸ್ಕತಾರೋ, ಒಡ್ದು ಓಡುಸ್ತಾರೋ, ಆ ನಂಜುಂಡನೇ ಬಲ್ಲ.”

ಗಾಡಿ ಎಂದರೆ ಇಲ್ಲಿ ಕಾಲೇಜು. ಈ ಹುಡುಗ ಘಟ್ಟದ ಕೆಳಗೆ ಕೊಯಮತ್ತೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ್ದಾನೆ. ಶಿವಮಲ್ಲಪ್ಪ ಹಿಂದೆ ಅಲ್ಲಿಯ ಮಂಡಿಯೊಂದಕ್ಕೆ ಬೆಲ್ಲ ಸಾಗಿಸುತ್ತಿದ್ದರು. ಲಿಂಗವಂತರೇ ಆದ ಆ ಮಂಡಿಯ ಯಜಮಾನರು ಹುಡುಗನ ಬುದ್ಧಿ ನೋಡಿ ಮಲಗಲು ಜಾಗ, ಎರಡು ಹೊತ್ತಿನ ಊಟ ಕೊಟ್ಟು ಓದಲು ಬಿಟ್ಟರು. ಮುಂದೆ ಬಿ.ಎ. ಆಗಬೇಕಾದರೆ ಒಂದೋ ದೂರದ ಮದರಾಸು, ಇಲ್ಲವೇ ಕಳೆದ ವರ್ಷ ನಮ್ಮ ಮೈಸೂರು ಸಂಸ್ಥಾನದಲ್ಲೇ ಆರಂಭವಾದ ಯೂನಿವರ್ಸಿಟಿ. ಅರ್ಧ ಓದು ಅಲ್ಲಿ ಓದಿದವನನ್ನು ಉಳಿದರ್ಧಕ್ಕೆ ಇಲ್ಲಿ ತೆಗೆದುಕೊಳ್ಳುತ್ತಾರೆಯೇ? ಒಬ್ಬರು ತೆಗೆದುಕೊಳ್ಳುತ್ತಾರೆ ಎನ್ನುತ್ತಾರೆ. ಇನ್ನೊಬ್ಬರು, ಸಂಸ್ಥಾನದ ಮಕ್ಕಳಾಗಿ ಓದು ಬಿಡದೆ ಬಂದವರಿಗೆ ಮಾತ್ರ, ಅದೂ ಜಾಗ ಉಳಿದರೆ ಎನ್ನುತ್ತಾರೆ. ಮಕ್ಕಳಿಗಾಗಿ ಬಾಗಿಲು ಕಾದ ಯಾರಿಗೂ ಇಂಥ ‘ಅಂತೆ’ಗಳು ಹೊಸವಲ್ಲ.

ಮದರಾಸಿನ ಹೆಸರೆತ್ತಿದರೆ ಶಿವಮಲ್ಲಪ್ಪನ ಹೆಂಡತಿ ಚನ್ನಬಸಮ್ಮ ಎದ್ದು ಒಳಗೆ ಹೋಗಿಬಿಡುತ್ತಾರೆ. ದೊಡ್ಡ ಮಗನನ್ನು ಕಳೆದುಕೊಂಡ ಮನೆ ಅದು.

ಆ ದೊಡ್ಡವನು ನಂಜನಗೂಡಿನ ಶಾಲೆಯಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದಾಗ ಊರಿಗೆ ಊರೇ ಹಿಗ್ಗಿತು. ನೆರೆಮನೆಯ ಗಾಡಿಕಾರ ಕರಿಯಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿದರು. ಬಾವಿಕಟ್ಟೆಯಲ್ಲಿ, ಅಂಗಡಿ ಜಗಲಿಯಲ್ಲಿ, ಎಲ್ಲೆಲ್ಲೂ ಅವನದೇ ಮಾತು. ಆ ತಿಂಗಳು ತುಂಬುವುದರೊಳಗೆ ಪ್ಲೇಗು ಬಂತು. ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಹಾಗೆ ಹೋದವರಲ್ಲಿ ಆ ಹುಡುಗನೊಬ್ಬ ಮನೆಗೆ ಹಿಂದಿರುಗಲಿಲ್ಲ.

“ಪ್ಲೇಗು ಅಂತಾರೆ ಡಾಕ್ಟ್ರು. ಇರಬೋದು. ಆದ್ರೆ ಅದಕ್ ದಾರಿ ತೋರ್ಸಿದ್ದು ಊರಿನ ಕಣ್ಣು ಕಣ್ರೀ,” ಎನ್ನುತ್ತಾರೆ ಶಿವಮಲ್ಲಪ್ಪ. ವಾದಕ್ಕೆ ಹೇಳುವ ಮಾತಲ್ಲ ಅದು. ಹೇಳುವಾಗ ಅವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದಿರುತ್ತದೆ.

ಅಂದಿನಿಂದ ಗಂಡಹೆಂಡಿರು ಒಂದು ಆಣೆ ಮಾಡಿಕೊಂಡರು: ಕಿರಿಯವನ ಓದು ಯಾರ ಕಿವಿಗೂ ಬೀಳಬಾರದು. ಕೇಳಿದವರಿಗೆಲ್ಲ ಒಂದೇ ಉತ್ತರ, “ಕೊಯಮತ್ತೂರ್ ಮಂಡೀಲಿ ಮೂಟೆ ಒರ್ತಾವ್ನೆ.” ರಜಕ್ಕೆ ಬಂದರೆ ಹುಡುಗ ಹರಿದ ಅಂಗಿ ತೊಟ್ಟು, ಹೆಗಲ ಮೇಲೆ ಕೊಳಕು ವಲ್ಲಿ ಹಾಕಿಕೊಂಡೇ ಊರು ಹೊಗಬೇಕು. ಪುಸ್ತಕಗಳು ಗಾಡಿಯ ಹುಲ್ಲಿನ ಕೆಳಗೆ. ಒಮ್ಮೆ ಕೆಂದ ಆ ಹುಲ್ಲಿಗೆ ಬಾಯಿ ಹಾಕಿ ಪುಸ್ತಕದ ರಟ್ಟು ಅಗಿದುಬಿಟ್ಟಿತಂತೆ. “ನಮ್ಮನೇಲಿ ಇಂಗ್ಲಿಷ್ ಒಟ್ಟೆಗಿಳುದಿರೋದು ಆ ಎತ್ತಿಗೊಂದ್ಕೇಯ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಏಕೆಂದರೆ ಆ ಸುಳ್ಳೇ ಈಗ ಕುತ್ತಿಗೆಗೆ ಬಂದಿದೆ.

ಹುಡುಗ ಮೈಸೂರಿಗೆ ಅರ್ಜಿ ಹಾಕಿದ್ದ. ಅವನು ನಿಜವಾಗಿ ಈ ಊರಿನವನೇ, ಓದುತ್ತಲೇ ಇದ್ದನೇ ಎಂದು ವಿಚಾರಿಸಲು ಹದಿನೈದು ದಿನದ ಹಿಂದೆ ಹೋಬಳಿಯ ಕಂದಾಯದ ಶೇಕ್‌ದಾರರು ಬಂದಿಳಿದರು. ಶಿವಮಲ್ಲಪ್ಪ ಅಕ್ಕಿ ಏರಿಸಲು ನರಸೀಪುರಕ್ಕೆ ಹೋಗಿದ್ದರು. ಶೇಕ್‌ದಾರರು ಚಾವಡಿಯಲ್ಲಿ ಕೂತು ಕೇಳಿದರು. ಊರವರು ತಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿದರು. ಮರುದಿನ ಗಾಡಿ ಊರು ಹೊಕ್ಕಾಗ ಕರಿಯಪ್ಪ ಎದುರು ಬಂದು ಉಮೇದಿನಿಂದ ವರದಿ ಒಪ್ಪಿಸಿದರು:

“ಲೇ ಮಲ್ಲಪ್ಪ, ನಿನ್ ಉಡ್ಗನ್ ಯಾಕ್ಲಾ ಸರ್ಕಾರ ಉಡುಕ್ತದೆ? ಯಾವನೋ ಕಾಲೇಜು ಗೀಲೇಜು ಅಂತ ಬರ್ಸವ್ನಂತೆ. ನಾನೇ ಏಳ್ದೆ, ಬುಡಿ ಸಾ, ಅವ್ನು ಮೂಟೆ ಒರೋನು, ಅಕ್ಸರ ಎಲ್ಲಿ ಬತ್ತದೆ ಅವ್ನಿಗೆ ಅಂತ. ಎಂಗೆ?”

ಶಿವಮಲ್ಲಪ್ಪ ಹಗ್ಗ ಬಿಟ್ಟು ಗಾಡಿಯಿಂದ ಧುಮುಕಿದರು. ದಣಿದು ಬಂದ ಎತ್ತುಗಳನ್ನು ಬಿಚ್ಚಿ ನೀರು ತೋರಿಸದೆ ಅವರು ಒಂದು ದಿನವೂ ಬೇರೆ ಕಡೆ ಹೆಜ್ಜೆ ಇಟ್ಟವರಲ್ಲ. ಅಂದು ನೊಗ ಹೊತ್ತ ಎತ್ತುಗಳನ್ನು ಬೀದಿಯಲ್ಲೇ ಬಿಟ್ಟು ಚಾವಡಿಗೆ ಓಡಿದರು. ರಾತ್ರಿ ಅಲ್ಲೇ ತಂಗಿದ್ದ ಶೇಕ್‌ದಾರರು ಹೊರಡಲು ಕುದುರೆ ತರಿಸುತ್ತಿದ್ದರು. ಸುತ್ತ ಅರ್ಧ ಊರು ನೆರೆದಿತ್ತು. ಬಾಯಿ ಬಿಟ್ಟರೆ ದೊಡ್ಡವನಿಗೆ ಆದದ್ದೇ ಇವನಿಗೂ ಆದೀತು. ಬಿಡದಿದ್ದರೆ ಮೈಸೂರಿನ ಬಾಗಿಲು ಮುಚ್ಚಿತು.

“ನಾಲ್ಗೆ ಬಿದ್ದೋದಂಗಾಯ್ತು ಸ್ವಾಮಿ. ಘಟ್ಟದಲ್ಲಿ ಉಲಿ ಅಡ್ಡ ಬಂದಾಗ್ಲೂ ಅಂಗ್ ನಡುಗಿರ್ನಿಲ್ಲ.”

ಕೊನೆಗೆ ಹೇಳಿದರು. “ಬುದ್ಧಿ, ನನ್ ಮಗ ಓದ್ತಾವ್ನೆ. ಕಾಲೇಜಲ್ಲಿ.”

“ಏನಯ್ಯಾ, ಹಾಗಾದರೆ ಊರಿಗೆ ಊರೇ ಸುಳ್ಳು ಹೇಳಿತೇ?” ಎಂದರು ಶೇಕ್‌ದಾರರು.

“ಅವ್ರು ಸುಳ್ಳೇಳ್ಲಿಲ್ಲ ಬುದ್ಧಿ. ನಾನೇ ಅವ್ರಿಗೆಲ್ಲ ಸುಳ್ಳೇಳಿದ್ದೆ.”

ಹಿಂದೆಯೇ ಓಡಿ ಬಂದಿದ್ದ ಕರಿಯಪ್ಪನಿಗೆ ಕೆಂಡದಂಥ ಕೋಪ. “ಥೂ, ನನ್ ಜತೇಲೇ ಗಾಡಿ ಒಡ್ಯೋನು, ನನ್ಗೇ ಮುಚ್ಚಿಟ್ಯಾ? ಬಾಯ್ಬುಟ್ಟು ಏಳಾಕೆ ಏನ್ ರೋಗ ಬಂದಿತ್ತು?”

ಉತ್ತರ ಬಂದದ್ದು ಚಾವಡಿಯ ಗೋಡೆಯಾಚೆಯಿಂದ. ಚನ್ನಬಸಮ್ಮ ಸೆರಗು ಹೊದ್ದು ನಿಂತಿದ್ದರು. “ರೋಗ ಬಂದಿತ್ತಲ್ಲ ಕರಿಯಪ್ಪಣ್ಣ. ದೊಡ್ಡವನ್ನ ನೀನೇ ಅಲ್ವಾ ಎಗಲ್ ಮೇಲೆ ಮೆರ್ಸಿದ್ದು?”

ಕರಿಯಪ್ಪ ನೆಲ ನೋಡಿದರು. ಆ ಮಗುವಿಗೆ ಗುಣಿ ತೋಡಿದವರೂ ಅವರೇ. ಶೇಕ್‌ದಾರರ ಕಡೆ ತಿರುಗಿ, “ಬರ್ಕಳಿ ಸಾ. ಉಡ್ಗ ಈ ಊರೋನೇ, ಓದ್ತಾನೂ ಅವ್ನೆ. ಈ ಮಲ್ಲಪ್ಪ ಮಕ್ಕಳ್ ಇಸ್ಯದಲ್ಲಿ ಪುಕ್ಲ, ಸುಳ್ಳ ಅಲ್ಲ. ನಾವೆಲ್ಲ ಸಾಕ್ಷಿ,” ಎಂದರು. ಆಮೇಲೆ ದೃಷ್ಟಿ ತಾಗದಿರಲೆಂದು ಪಕ್ಕಕ್ಕೆ ಮೂರು ಸಲ ಉಗಿದು, “ನಾನೇನ್ ಒಗಳ್ನಿಲ್ಲ ಕಣವ್ವ,” ಎಂದು ಚನ್ನಬಸಮ್ಮನಿಗೆ ಕೇಳುವಂತೆ ಸೇರಿಸಿದರು.

ಶೇಕ್‌ದಾರರು ಮೊದಲಿನದನ್ನು ಹೊಡೆದುಹಾಕಿ ಬರೆದುಕೊಂಡು ಹೋಗಿದ್ದಾರೆ. ಮೈಸೂರಿನಿಂದ ಇನ್ನೂ ಸುದ್ದಿ ಇಲ್ಲ. ಹುಡುಗ ಕೊಯಮತ್ತೂರಿನಲ್ಲೇ ಕಾಯುತ್ತಿದ್ದಾನೆ. ಊರಿಗೆ ಬರಬೇಡವೆಂದು ತಂದೆಯೇ ಹೇಳಿ ಕಳಿಸಿದ್ದಾರೆ. ಊರಿನವರೂ ಈಗ ಎದುರು ಸಿಕ್ಕರೆ ಮಗನ ಮಾತೆತ್ತದೆ ಎತ್ತಿನ ಮಾತಾಡಿ ಹೋಗುತ್ತಾರೆ. ಅದು ಮರ್ಯಾದೆಯೋ, ಅವರಿಗೂ ಅದೇ ಭಯವೋ, ತಿಳಿಯದು. ದಾರಿಯಲ್ಲಿ ನಾಯಿ ಊಳಿಟ್ಟರೂ ಶಿವಮಲ್ಲಪ್ಪ ಗಾಡಿ ನಿಲ್ಲಿಸಿ ಕಡಾಣಿ ಮುಟ್ಟಿ ನೋಡುತ್ತಾರೆ.

ಗಾಡಿ ಈಗ ಸ್ಟೇಷನ್ ಮುಟ್ಟಿದೆ. ಮೈಸೂರಿನ ರೈಲು ಸಿಳ್ಳೆ ಹಾಕುತ್ತದೆ. ಮೂಟೆ ಇಳಿಸುತ್ತಿದ್ದ ಶಿವಮಲ್ಲಪ್ಪ ಕೈ ನಿಲ್ಲಿಸಿ ಅತ್ತ ನೋಡುತ್ತಾರೆ. “ಮೈಸೂರಲ್ಲಿ ಸಿಕ್ಬುಟ್ರೆ, ಮೈಗುಸಾರಿಲ್ಲ ಅಂದ್ರೆ ಅವ್ವ ಅದೇ ದಿನ ಓಗಿ ಅಣೆ ಮುಟ್ಟಿ ನೋಡ್ಬೋದು. ಅಷ್ಟೇಯ ನಮ್ಮಾಸೆ. ಅವ್ನು ಅಮಲ್ದಾರ ಆಗ್ಲಿ ಅಂತ ನಾವ್ ಕೇಳ್ಕಂಡಿಲ್ಲ.”

ಇದು ಪತ್ರಿಕೆಯಲ್ಲಿ ಬರುತ್ತದೆ ಎಂದು ನಾನು ಹೇಳಿದಾಗ ಅವರ ಮುಖ ಬಿಳಚಿಕೊಳ್ಳುತ್ತದೆ. ಒಂದು ಹಳ್ಳಿಯ ಕಣ್ಣಿಗೇ ಹೆದರಿದವರಿಗೆ ಇಡೀ ಸಂಸ್ಥಾನದ ಕಣ್ಣು! ಬೇಡವೆಂದರೆ ಬಿಟ್ಟುಬಿಡಬಹುದಿತ್ತು. ಅವರು ಬೇಡವೆನ್ನಲಿಲ್ಲ. ಇನ್ನೆರಡು ಮೂಟೆ ಇಳಿಸಿ, ಬೆವರು ಒರೆಸಿಕೊಂಡು ಹತ್ತಿರ ಬಂದರು.

“ನನ್ನೆಸ್ರು ಬರ್ಕಳಿ. ಅವನ್ದು ಬ್ಯಾಡ. ಒಗಳ್ಬ್ಯಾಡಿ. ಕೂಸಿನ ಕೆನ್ನೆಗೆ ಕಪ್ಪು ಇಡಾಕಿಲ್ವಾ, ಅಂಗೆ ಒಂದು ಊನ ಬರೀರಿ ಅವನ್ಮೇಲೆ.”

“ಏನು ಊನ?”

ತಲೆ ಕೆರೆದುಕೊಂಡರು. ಮೂಟೆಗಳನ್ನು ನೋಡಿದರು, ಗಾಡಿಯನ್ನು ನೋಡಿದರು. ಎತ್ತುಗಳ ಮೇಲೆ ಕಣ್ಣು ನಿಂತಾಗ ಮೀಸೆಯ ಕೆಳಗೆ ಮೆಲ್ಲಗೆ ನಗು ಮೂಡಿತು.

“ಅವ್ನಿಗೆ ಎತ್ತು ಕಟ್ಟಾಕ್ ಬರಾಕಿಲ್ಲ. ಎಡಗೋಲಿನ್ ಎತ್ತ ಬಲಕ್ಕೆ ನಿಲ್ಲುಸ್ತಾನೆ. ಗಾಡಿಕಾರನ್ ಮಗ ಆಗಿ, ನಾಚ್ಕೆಗೇಡು! ಅದ್ನೇ ಬರೀರಿ ಸ್ವಾಮಿ. ಎಲ್ರಿಗೂ ಕಾಣಂಗೆ, ಕೊನೇಲಿ ಬರೀರಿ.”

ಅವರ ಮಾತಿನಂತೆ ಕೊನೆಯಲ್ಲೇ ಬರೆದಿದೆ, ಎಲ್ಲರೂ ಓದಿಕೊಳ್ಳಲಿ: ಗಾಡಿ ಶಿವಮಲ್ಲಪ್ಪನ ಕಿರಿಯ ಮಗನಿಗೆ ಎತ್ತು ಕಟ್ಟಲು ಬರುವುದಿಲ್ಲ.