ಹೆಬ್ಬೆರಳು ಎತ್ತಿದ ಕ್ಯಾಪ್ಟನ್

ನಾನು ಕ್ಯಾಪ್ಟನ್‌ರನ್ನು ಮೊದಲು ನೋಡಿದಾಗ ಅವರು ನಿದ್ದೆ ಮಾಡುತ್ತಿದ್ದರು. ಅಂದು ಪೋಷಕರ ಸಭೆ. ಏಳನೆಯ ತರಗತಿಯ ಬೆಂಚಿನಲ್ಲಿ ಉದ್ದನೆಯ ಕಾಲುಗಳನ್ನು ಹೇಗೋ ಮಡಚಿಕೊಂಡು, ಗೋಡೆಗೆ ತಲೆ ಆನಿಸಿದ್ದರು. ಸರದಿ ಬಂದಾಗ ಮಗಳು ಮೊಣಕೈಯಿಂದ ತಿವಿದಳು. ಕಣ್ಣು ಬಿಟ್ಟವರೇ, "ಪಾಸಾ, ಮೇಷ್ಟ್ರೇ?" ಎಂದರು.

"ಪರೀಕ್ಷೆನೇ ಇನ್ನೂ ಆಗಿಲ್ಲ ಸ್ವಾಮಿ," ಎಂದೆ.

ಮಗಳು ಹಣೆ ಚಚ್ಚಿಕೊಂಡಳು. "ಸರ್, ಇವ್ರು ಎಚ್ಚರವಾಗಿರೋದು ಆಕಾಶದಲ್ಲಿ ಮಾತ್ರ."

ಅವರು ಆಸ್ಪತ್ರೆಯ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ರಸ್ತೆ ಸರಿಯಿಲ್ಲದ ಊರುಗಳಿಂದ ರೋಗಿಗಳನ್ನು ತರುವ ಕೆಲಸ. ಆ ಯಂತ್ರದ ಮೆಕ್ಯಾನಿಕ್ ಅವರ ಹೆಂಡತಿಯ ತಮ್ಮ. ಇಬ್ಬರ ಮನೆಯೂ ನಮ್ಮ ಹಿಂದಿನ ಬೀದಿಯಲ್ಲೇ. ನಾನು ನಿವೃತ್ತನಾದ ಮೇಲೆ ಸಂಜೆ ನಮ್ಮ ಜಗಲಿಗೆ ಬಂದು ಕೂರುವುದು ಅವರಿಗೆ ರೂಢಿಯಾಯಿತು. ಭಾವ ತೂಕಡಿಸುತ್ತಿದ್ದರು, ಬಾಮೈದ ಮಾತಾಡುತ್ತಿದ್ದ.

ಅವರ ಕೆಲಸದ ಒಂದು ಕ್ರಮವನ್ನು ಅಲ್ಲಿಯೇ ಕೇಳಿ ತಿಳಿದೆ. ಹೊರಡುವ ಮುನ್ನ ನೋಡಲೇಬೇಕಾದ ಮೂವತ್ತೊಂದು ಸಂಗತಿಗಳು ಒಂದು ಕಾರ್ಡಿನಲ್ಲಿರುತ್ತವೆ. ಅದನ್ನು ತೊಡೆಗೆ ಬಿಗಿದುಕೊಂಡು, ಓದುತ್ತಿರುವ ಸಾಲಿನ ಮೇಲೆ ಎಡಗೈ ಹೆಬ್ಬೆರಳಿಡಬೇಕು. ಸಾಲು ಮುಗಿದಂತೆ ಬೆರಳು ಕೆಳಕ್ಕೆ ಜಾರುತ್ತದೆ. ಯಾವ ಕಾರಣಕ್ಕೇ ಆಗಲಿ, ಬೆರಳು ಎದ್ದಿತೋ, ಮತ್ತೆ ಒಂದರಿಂದ ಓದಬೇಕು. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ ಸೊಳ್ಳೆ ಕಚ್ಚಿದರೂ ಒಂದರಿಂದ. ಇಪ್ಪತ್ತೆರಡು ವರ್ಷ ಕ್ಯಾಪ್ಟನ್ ಹಾಗೆಯೇ ಓದಿದ್ದರು.

ಆ ದಿನ ಅವರದು ಐದನೆಯ ಹಾರಾಟ. ಶಾಲೆಯೊಂದರ ಬಯಲಿನಲ್ಲಿ ನಿಂತಿದ್ದರು. ರೋಗಿಯನ್ನು ಒಳಗೆ ಮಲಗಿಸಿ ಆಗಿತ್ತು, ನರ್ಸ್ ಹಿಂದೆ ಕುಳಿತಿದ್ದಳು. ಯಂತ್ರ ನಡೆಸುವ ಹಿಡಿಕೆಯನ್ನು ಹಗುರಗೊಳಿಸುವ ಹೈಡ್ರಾಲಿಕ್ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ನೋಡಿ, ಮತ್ತೆ ಆನ್ ಮಾಡಬೇಕೆಂಬ ಸಾಲು ಬಂದಿತ್ತು. ಆಫ್ ಮಾಡಿದರು. ಅಷ್ಟರಲ್ಲಿ ರೋಗಿಯ ಹೆಂಡತಿ, ತಿರುಗುವ ರೆಕ್ಕೆಗಳ ಕೆಳಗೇ ಓಡಿ ಬಂದು, ಕಿಟಕಿಯೊಳಗೆ ಕೈ ತೂರಿಸಿ ಅವರ ಎಡಗೈಯನ್ನು ಹಿಡಿದುಕೊಂಡಳು. "ಅಣ್ಣಾ, ನನ್ನೂ ಕರ್ಕೊಂಡು ಹೋಗಿ. ಒಬ್ಬರನ್ನೇ ಕಳಿಸಲ್ಲ ನಾನು."

ಜಾಗವಿರಲಿಲ್ಲ. ಕೈ ಬಿಡಿಸಿಕೊಂಡು, ತಲೆ ಬಗ್ಗಿಸುವಂತೆ ಸನ್ನೆ ಮಾಡಿ, ನರ್ಸ್ ಇಳಿದು ಆಕೆಯನ್ನು ದೂರ ಬಿಟ್ಟು ಬರುವವರೆಗೆ ಅತ್ತಲೇ ನೋಡಿದರು. ಆಮೇಲೆ ಹೆಬ್ಬೆರಳನ್ನು ಕಾರ್ಡಿನ ಮೇಲಿಟ್ಟರು. ಅದು ಕುಳಿತದ್ದು ಮುಂದಿನ ಸಾಲಿನ ಮೇಲೆ.

"ಒಂದರಿಂದ ಶುರು ಮಾಡ್ಬೇಕು ಅಂತ ಗೊತ್ತಿತ್ತು ಮೇಷ್ಟ್ರೇ," ಎಂದು ಆಮೇಲೆ ನನಗೆ ಹೇಳಿದರು. "ಆದ್ರೆ ಅವತ್ತು ಆ ಒಂದು ಅನ್ನೋದು ತುಂಬಾ ದೂರ ಇತ್ತು."

ನೆಲ ಬಿಟ್ಟು ಆಳೆತ್ತರ ಏರುವುದರೊಳಗೆ ಹಿಡಿಕೆ ಕಲ್ಲಿನಲ್ಲಿ ನೆಟ್ಟ ಗೂಟದಂತಾಯಿತು. ಯಂತ್ರ ಓರೆಯಾಗಿ ನೀರಿನ ಟ್ಯಾಂಕಿನತ್ತ ಸರಿಯಿತು. ಮೈಯ ಬಲವನ್ನೆಲ್ಲ ಹಾಕಿ ಕೆಳಗಿಳಿಸಿದರು. ಧಡ್ಡೆಂದು ಬಿದ್ದು ಯಂತ್ರದ ಒಂದು ಕಾಲು ಸೊಟ್ಟಗಾಯಿತು. ಎಂಜಿನ್ ನಿಲ್ಲಿಸುವಾಗ ಸ್ವಿಚ್ ಕಣ್ಣಿಗೆ ಬಿತ್ತು. ಕೈ ತಾನಾಗಿಯೇ ಹೋಗಿ ಅದನ್ನು ಆನ್ ಮಾಡಿತು. ರೋಗಿ ಆಂಬುಲೆನ್ಸಿನಲ್ಲಿ ಎರಡು ಗಂಟೆ ತಡವಾಗಿ ಆಸ್ಪತ್ರೆ ಸೇರಿ, ಬದುಕಿಕೊಂಡ.

ಆಫೀಸಿನವರು ಹೈಡ್ರಾಲಿಕ್ ಪಂಪು ಕೆಟ್ಟಿದೆಯೆಂದುಕೊಂಡರು. ಮೆಕ್ಯಾನಿಕ್‌ನನ್ನು ತೆಗೆದುಹಾಕುವ ಕಾಗದವೂ ಸಿದ್ಧವಾಯಿತು. ಕ್ಯಾಪ್ಟನ್ ಬಾಯಿ ಬಿಟ್ಟರೆ ಹಾರಾಟ ಹೋಗುತ್ತಿತ್ತು, ಬಿಡದಿದ್ದರೆ ಬಾಮೈದನ ಕೆಲಸ.

ಮೂರನೆಯ ಸಂಜೆ ಇಬ್ಬರೂ ಜಗಲಿಗೆ ಬಂದರು. ಬಾಮೈದನ ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಪಂಪು ಸರಿ ಇದೆ ಕಣೋ," ಎಂದರು ಕ್ಯಾಪ್ಟನ್.

"ನಾಲ್ಕು ಸಲ ಬಿಚ್ಚಿದ್ದೀನಿ ಭಾವ. ಸರಿ ಇದ್ರೆ ಹಿಡಿಕೆ ಯಾಕೆ ಬಿಗೀತು? ದೆವ್ವ ಹಿಡೀತಾ?"

"ಸ್ವಿಚ್ಚು ಆಫ್ ಇತ್ತು. ನಾನೇ ಮರೆತೆ. ಇಳಿದ ಮೇಲೆ ನಾನೇ ಹಾಕ್ದೆ."

ಬಾಮೈದ ಲೋಟವನ್ನು ಕೆಳಗಿಟ್ಟ. "ಮೂರು ದಿನ ಅದರ ಹೊಟ್ಟೆಯೊಳಗೆ ತಲೆ ಹಾಕ್ಕೊಂಡಿದ್ದೆ. ನೀವು ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದಿದ್ರಿ!"

"ಹಿಡಿದಿದ್ದೆ."

"ಚೆನ್ನಾಗೇ ಹಿಡಿದ್ರಿ ಭಾವ. ಕೈ ಕೂಡ ನಡುಗಲಿಲ್ಲ." ಎದ್ದು ಹೋಗಿಬಿಟ್ಟ.

ಕ್ಯಾಪ್ಟನ್ ಅವನ ಲೋಟವನ್ನು ಪಕ್ಕಕ್ಕೆ ಸರಿಸಿಟ್ಟರು. "ಬೆಳಿಗ್ಗೆ ಆಫೀಸಿಗೆ ಹೋಗಿ ಹೇಳ್ತೀನಿ. ಈಗ ಬೀಗ ಹಾಕಿರ್ತಾರೆ."

"ಇನ್ನೂ ಐದೂವರೆ," ಎಂದೆ.

ನನ್ನ ಮುಖ ನೋಡಿದರು. ನಿಟ್ಟುಸಿರು ಬಿಟ್ಟು ಬೂಟಿಗೆ ಕಾಲು ತೂರಿಸಿದರು.

ಬಾಮೈದನ ಕೆಲಸ ಉಳಿಯಿತು. ಕ್ಯಾಪ್ಟನ್‌ರ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಐದು ತಿಂಗಳು ಅವನು ಭಾವನೊಡನೆ ನೇರವಾಗಿ ಮಾತಾಡಲಿಲ್ಲ. ಎದುರಿಗೇ ಕುಳಿತು, "ಅಕ್ಕಾ, ನಿನ್ನ ಗಂಡನಿಗೆ ಹೇಳು, ಫ್ಯಾನ್ ಜೋರು ಮಾಡ್ಲಿ," ಎನ್ನುತ್ತಿದ್ದ. ವರ್ಷ ಕಳೆದು, ಪರವಾನಗಿ ಮರಳಿ ಪಡೆಯುವ ಪರೀಕ್ಷೆಗೆ ಕರೆ ಬಂತು. ಕ್ಯಾಪ್ಟನ್ ಹೋಗಲಿಲ್ಲ. "ಸಾಕು ಮೇಷ್ಟ್ರೇ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದರು. ಬೇರೊಂದು ಕೆಲಸವನ್ನು ತಾವೇ ಕೇಳಿ ಪಡೆದರು.

ಈಗ ಅವರು ಹಳದಿ ಜಾಕೆಟ್ ತೊಟ್ಟು ಹೆಲಿಕಾಪ್ಟರಿನ ಜೊತೆಯಲ್ಲೇ ಹೋಗುತ್ತಾರೆ. ಪೈಲಟ್ ಕಾರ್ಡು ಓದಿ ಮುಗಿಸುವವರೆಗೆ ರೋಗಿಯ ಮನೆಯವರನ್ನು ಹಗ್ಗದ ಆಚೆ ನಿಲ್ಲಿಸಿಕೊಳ್ಳುವುದು ಅವರ ಕೆಲಸ. ಯಂತ್ರ ಹಾರಿದ ಮೇಲೆ ಆ ಮನೆಯವರೊಡನೆಯೇ ಜೀಪಿನಲ್ಲಿ ಆಸ್ಪತ್ರೆಗೆ ಬರುತ್ತಾರೆ. ಅಳುವವರು ಅವರ ಮುಂದೆ ಅಳುತ್ತಾರೆ, ಬೈಯುವವರು ಬೈಯುತ್ತಾರೆ. ಹೋದ ವಾರ ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕಿದ್ದರು. ಜೀಪಿನಿಂದ ಇಳಿದ ಮುದುಕಿಯೊಬ್ಬಳು ಒಂದೇ ಸಮನೆ ಬೈಯುತ್ತಿದ್ದಳು, "ನಿನಗೇನಯ್ಯಾ ಗೊತ್ತು, ಹಗ್ಗ ಹಿಡಿಯೋನಿಗೆ!"

"ಹೌದಮ್ಮ," ಎನ್ನುತ್ತ, ಆಕೆಯ ಬಟ್ಟೆಯ ಗಂಟನ್ನು ಹೊತ್ತು, ಮೆಟ್ಟಿಲು ಹತ್ತುತ್ತಿದ್ದರು.